ಶುಗರ್ ಜೊತೆ ಹಾರ್ಟ್ ಪಂಪಿಂಗೂ ಕಮ್ಮಿ ಇರೋರಿಗೆ ಇಲ್ಲಿನ ಹಾರ್ಟ್ ಫೇಲ್ಯೂರ್ ಕ್ಲಿನಿಕ್ (5ಕ್ಕೆ 4 ಸ್ಟಾರ್)

ನಮ್ಮಪ್ಪಂಗೆ 71 ವರ್ಷ, ಶುಗರ್ ಬಂದು 19 ವರ್ಷ ಆಯ್ತು, ಎರಡು ವರ್ಷದಿಂದ ಹಾರ್ಟ್ ಪಂಪಿಂಗ್ ಕಮ್ಮಿ, ಎಕೋದಲ್ಲಿ (ಹಾರ್ಟ್ ಸ್ಕ್ಯಾನಿಂಗ್) 30 ಪರ್ಸೆಂಟ್ ಅಂತ ಬಂದಿತ್ತು. ಹೋದ ವರ್ಷ ಬೇರೆ ಒಂದು ಕಡೆ ಅಡ್ಮಿಟ್ ಮಾಡಿದ್ವಿ, ನೀರು ಇಳಿಸಿ ಐದು ದಿನಕ್ಕೆ ಕಳ್ಸಿದ್ರು, ಮೂರೇ ವಾರಕ್ಕೆ ಮತ್ತೆ ಕಾಲೆಲ್ಲಾ ಊದ್ಕೊಂಡು, ಮಲಗಿದ್ರೆ ಉಸಿರು ಕಟ್ಟತ್ತೆ ಅಂತ ರಾತ್ರಿಯೆಲ್ಲಾ ಗೋಡೆಗೆ ಒರಗಿ ಕೂತಿರೋರು. ಅಲ್ಲಿ ಹಾರ್ಟ್ ಡಾಕ್ಟ್ರು ಹಾರ್ಟ್ ನೋಡೋರು, ಶುಗರ್ ಡಾಕ್ಟ್ರು ಶುಗರ್ ನೋಡೋರು, ಇಬ್ರೂ ಒಬ್ರ ಚೀಟಿ ಒಬ್ರು ಓದ್ತಿರ್ಲಿಲ್ಲ.

ಇಲ್ಲಿ ಮೊದಲ ದಿನಾನೇ ಡಾಕ್ಟ್ರು ಮಾತ್ರೆ ಕವರ್ ಪೂರ್ತಿ ಟೇಬಲ್ ಮೇಲೆ ಸುರಿಸಿ ಒಂದೊಂದೇ ಸ್ಟ್ರಿಪ್ ಓದಿದ್ರು. ಯಾವಾಗ್ಲೋ ಬರೆದಿದ್ದ ಶುಗರ್ ಮಾತ್ರೇಲಿ ಮೂರು ಔಷಧಿ ಸೇರಿತ್ತು, ಅದ್ರಲ್ಲಿ ಒಂದು ಪಯೋಗ್ಲಿಟಜೋನ್. ಅದು ಮೈಯಲ್ಲಿ ನೀರು ನಿಲ್ಸತ್ತಂತೆ, ಹಾರ್ಟ್ ಫೇಲ್ಯೂರ್ ಇರೋರಿಗೆ ಕೊಡಲೇಬಾರ್ದಂತೆ. ಅದನ್ನ ಕೇಳಿ ನಂಗೆ ಅಳು ಬಂತು, ಎರಡು ವರ್ಷ ದಿನಾ ಬೆಳಿಗ್ಗೆ ಅದನ್ನ ಕೈಯಾರೆ ಕೊಟ್ಟಿದ್ದು ನಾನೇ.

ಅದನ್ನ ನಿಲ್ಸಿ ಡಾಪಾಗ್ಲಿಫ್ಲೋಜಿನ್ ಶುರು ಮಾಡಿದ್ರು. ಇದೂ ಶುಗರ್ ಮಾತ್ರೇನೇ, ಆದ್ರೆ ಶುಗರ್ ಇಲ್ದಿರೋ ಹಾರ್ಟ್ ಫೇಲ್ಯೂರ್ ಪೇಷಂಟ್‌ಗಳೂ ಮತ್ತೆ ಅಡ್ಮಿಟ್ ಆಗೋದನ್ನ ಕಮ್ಮಿ ಮಾಡತ್ತೆ ಅಂತ 2019ರಲ್ಲೇ ದೊಡ್ಡ ಟ್ರಯಲ್‌ನಲ್ಲಿ ಗೊತ್ತಾಗಿದೆ. 2020ರಲ್ಲಿ ಪೇಟೆಂಟ್ ಮುಗಿದ ಮೇಲೆ ನಮ್ಮಲ್ಲಿ ತುಂಬಾ ಕಂಪನಿಯವ್ರು ಮಾಡ್ತಾರೆ, ರೇಟೂ ಇಳಿದಿದೆ. ಮೂತ್ರದ ಜಾಗದಲ್ಲಿ ತುರಿಕೆ ಬಂದ್ರೆ ಹೇಳಿ, ವಾಂತಿ ಆಗಿ ಊಟ ಸೇರ್ದೇ ಇದ್ರೆ ಆ ಮಾತ್ರೆ ನಿಲ್ಸಿ ನಮಗೆ ಫೋನ್ ಮಾಡಿ ಅಂತ ಮೊದ್ಲೇ ಹೇಳಿದ್ರು.

ಅಪ್ಪನ್ನ ಇಲ್ಲೂ ಅಡ್ಮಿಟ್ ಮಾಡಿದ್ವಿ. ವಾರ್ಡಲ್ಲಿ ಶುಗರ್ 140ರಿಂದ 180ರೊಳಗೆ ಇದ್ರೆ ಸಾಕು ಅಂತಾರೆ, ಸುಮ್ನೆ ಇನ್ಸುಲಿನ್ ಏರಿಸಲ್ಲ. ಹಿಂದಿನ ಆಸ್ಪತ್ರೇಲಿ ಒಂದು ರಾತ್ರಿ ಶುಗರ್ 58ಕ್ಕೆ ಇಳಿದು ಅಪ್ಪ ಪೂರ್ತಿ ಬೆವೆತುಹೋಗಿದ್ರು. ಹಾರ್ಟ್‌ಗೆ ಕೊಡೋ ಬೀಟಾ ಬ್ಲಾಕರ್ ಮಾತ್ರೆ ತಗೊಳ್ಳೋರಿಗೆ ಶುಗರ್ ಇಳಿದ್ರೂ ಎದೆ ಹೊಡ್ಕೊಳ್ಳೋದು ಅಷ್ಟಾಗಿ ಗೊತ್ತಾಗಲ್ವಂತೆ, ಬೆವರು ನೋಡ್ಕೊಳ್ಳಿ ಅಂತ ಇಲ್ಲಿನ ಸಿಸ್ಟರ್ ಹೇಳ್ಕೊಟ್ರು.

ಡಿಸ್ಚಾರ್ಜ್ ದಿನ ಅದೇ ಸಿಸ್ಟರ್ ಅಮ್ಮನ ಹತ್ರ ಅರ್ಧ ಗಂಟೆ ಕೂತಿದ್ರು. ಬೆಳಿಗ್ಗೆ ಎದ್ದು ಟಾಯ್ಲೆಟ್‌ಗೆ ಹೋಗಿ ಬಂದು, ತಿಂಡಿಗೆ ಮುಂಚೆ ತೂಕ ನೋಡ್ಬೇಕು, ಎರಡು ಮೂರು ದಿನದಲ್ಲಿ 2 ಕೆಜಿ ಏರಿದ್ರೆ ಕಾಲು ಊದೋವರೆಗೂ ಕಾಯದೆ ಫೋನ್ ಮಾಡ್ಬೇಕು. ಉಪ್ಪಿನಕಾಯಿ, ಹಪ್ಪಳ ಬಂದ್. ಅಮ್ಮ ಈಗ ಅಪ್ಪಂಗೆ ಬೇರೆ ಪಾತ್ರೇಲಿ ಸಾರು ಮಾಡ್ತಾರೆ, ಮೊದ್ಲೆರಡು ವಾರ ಮನೇಲಿ ದಿನಾ ಜಗಳ. ಒಂದೇ ವಾರಕ್ಕೆ ವಾಪಸ್ ಕರೆಸಿ ಕಿಡ್ನಿ ಹೇಗಿದೆ ಅಂತ ನೋಡೋ ಕ್ರಿಯೇಟಿನಿನ್, ಜೊತೆಗೆ ಪೊಟ್ಯಾಸಿಯಂ ರಕ್ತ ಟೆಸ್ಟ್ ಮಾಡ್ಸಿದ್ರು. ಎಂಟು ತಿಂಗಳಾಯ್ತು, ಮತ್ತೆ ಅಡ್ಮಿಟ್ ಆಗಿಲ್ಲ, ಮಲಗಿ ನಿದ್ದೆ ಮಾಡ್ತಾರೆ.

ಒಂದು ಸ್ಟಾರ್ ಕಟ್ ಮಾಡಿದ್ದು ಯಾಕಂದ್ರೆ ಭಾನುವಾರ ಫೋನ್ ಎತ್ತಲ್ಲ, ಆಮೇಲೆ ಇಷ್ಟು ವರ್ಷದ ಶುಗರ್ ಪೇಷಂಟ್ ಅಂತ ಗೊತ್ತಿದ್ರೂ ಪಾದ ಯಾರೂ ನೋಡಿಲ್ಲ, ಹಿಮ್ಮಡಿ ಗಾಯ ನಾವೇ ಕಂಡು ಬೇರೆ ಕಡೆ ತೋರಿಸ್ಬೇಕಾಯ್ತು. ಹೋಗೋರು ಹಳೇ ಎಕೋ ರಿಪೋರ್ಟ್, ಈಗ ತಗೊಳ್ತಿರೋ ಎಲ್ಲಾ ಮಾತ್ರೆ ಸ್ಟ್ರಿಪ್ ಸಮೇತ ತಗೊಂಡ್ ಹೋಗಿ, ಬರೀ ಚೀಟಿ ಸಾಕಾಗಲ್ಲ.