ಮೈಸೂರಿಗೆ ಸೆಕೆಂಡ್ ಹ್ಯಾಂಡ್ ಕ್ಯಾಮೆರಾ ತರಲು ಹೊರಟಿದ್ದೀರಾ? ಇದನ್ನು ಓದಿ ಆಮೇಲೆ ಬಸ್ ಹತ್ತಿ

ಕೊಡಗಿನಿಂದ ಮೈಸೂರಿಗೆ ಹೋಗಿ ಹಳೇ ಕ್ಯಾಮೆರಾ ತರೋಣ ಅಂತ ಯೋಚನೆ ಮಾಡುತ್ತಿರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಅಂಗಡಿ ಹೆಸರು ಹಾಕುತ್ತಿಲ್ಲ. ದೂರು ಕೊಟ್ಟಾಗಿದೆ, ಅದು ಮುಗಿಯುವವರೆಗೆ ಹೆಸರು ಬೇಡ ಅಂತ ವಕೀಲರು ಹೇಳಿದ್ದಾರೆ. ಹೆಸರೊಂದು ಬಿಟ್ಟು ಉಳಿದದ್ದೆಲ್ಲ ಇಲ್ಲಿದೆ. ಸಿಟ್ಟಿನಲ್ಲಿ ಬರೆಯುತ್ತಿದ್ದೇನೆ, ಹೇಳಿದ್ದನ್ನೇ ಮತ್ತೆ ಹೇಳಿದರೆ ಸಹಿಸಿಕೊಳ್ಳಿ.

ಮೊದಲೇ ಒಂದು ಮಾತು. ನಾನು ಕಣ್ಣು ಮುಚ್ಚಿಕೊಂಡು ತಂದದ್ದಲ್ಲ. ಕೇಳಬೇಕಾದ್ದನ್ನೆಲ್ಲ ಕೇಳಿದ್ದೆ. ವಾಟ್ಸಾಪ್‌ನಲ್ಲಿ ಬರೆದು ಕೇಳಿದ್ದೆ. ಅವರೂ ಬರೆದೇ ಉತ್ತರ ಕೊಟ್ಟಿದ್ದಾರೆ. ಸುಳ್ಳನ್ನು ಬರವಣಿಗೆಯಲ್ಲೇ ಕೊಟ್ಟಿದ್ದಾರೆ ಅಂದರೆ ಧೈರ್ಯ ನೋಡಿ.

ನನಗೆ ಬೇಕಾಗಿದ್ದು ಪ್ರಾಣಿ ಪಕ್ಷಿಗೂ ಆಗಬೇಕು, ಬೆಟ್ಟ ಗುಡ್ಡಕ್ಕೂ ಆಗಬೇಕು ಅನ್ನುವಂಥ ಕ್ಯಾಮೆರಾ. ನಮ್ಮ ತೋಟದಲ್ಲಿ ಅತ್ತಿ ಹಣ್ಣಾದರೆ ಮಂಗಟ್ಟೆ ಬರುತ್ತವೆ. ಕೆಂದಳಿಲು ಇದ್ದೇ ಇದೆ. ಕುಟ್ಟದ ಕಡೆ ಹೋದರೆ ನಾಗರಹೊಳೆ. ಇನ್ನು ಮಾಂದಲ್‌ಪಟ್ಟಿ, ತಡಿಯಂಡಮೋಳ್ ಬಗ್ಗೆ ನಾನು ಹೇಳಬೇಕಾ? ಎಲ್ಲರೂ ನಿಕಾನ್ ಪಿ1000 ತಗೋ, 3000 ಎಂ.ಎಂ. ವರೆಗೆ ಜೂಮ್ ಎಳೆಯುತ್ತೆ ಅಂದರು. ಎಳೆಯುತ್ತೆ, ನಿಜ. ಆದರೆ ಅದರ ಸೆನ್ಸರ್ (ಒಳಗೆ ಬೆಳಕು ಹಿಡಿದು ಚಿತ್ರ ಮಾಡುವ ಭಾಗ) ತೀರಾ ಚಿಕ್ಕದು, 1/2.3 ಇಂಚಿನ ವರ್ಗದ್ದು. ಬಿಸಿಲಲ್ಲಿ ಚಂದ. ಕಾಫಿ ತೋಟದ ಮರದಡಿ, ಬೆಳಗಿನ ಮಬ್ಬು ಬೆಳಕಲ್ಲಿ ಐಎಸ್ಒ, ಅಂದರೆ ಬೆಳಕು ಗ್ರಹಿಸುವ ಮಟ್ಟ, ಏರಿಸಿದರೆ ಫೋಟೋ ತುಂಬಾ ಬರೀ ಕಾಳು.

ಹಾಗಾಗಿ ನಿಕಾನ್ ಡಿ500 ಅಂತ ತೀರ್ಮಾನ ಮಾಡಿದೆ. 2016ರಲ್ಲಿ ಬಂದದ್ದು, 2022ರಲ್ಲಿ ಕಂಪನಿಯವರು ನಿಲ್ಲಿಸಿದರು. ಹಾಗಾಗಿ ಹಳೇದನ್ನೇ ಹುಡುಕಬೇಕು. ಸೆಕೆಂಡಿಗೆ 10 ಫೋಟೋ ಹೊಡೆಯುತ್ತೆ, 153 ಫೋಕಸ್ ಪಾಯಿಂಟ್ ಇವೆ. ಇದರದ್ದು ಕ್ರಾಪ್ ಸೆನ್ಸರ್, ಅಂದರೆ ಫುಲ್ ಫ್ರೇಮ್‌ಗಿಂತ (ಹಳೇ ಫಿಲ್ಮ್ ಅಳತೆಯ ಸೆನ್ಸರ್) ಚಿಕ್ಕದು, ಆದ್ದರಿಂದ 200-500 ಎಂ.ಎಂ. ಜೂಮ್ ಲೆನ್ಸ್ ಹಾಕಿದರೆ ಫುಲ್ ಫ್ರೇಮ್‌ನಲ್ಲಿ 750 ಎಂ.ಎಂ.ಗೆ ಸಿಗುವಷ್ಟು ಹತ್ತಿರದ ನೋಟ ಸಿಗುತ್ತೆ. ಬೆಟ್ಟಕ್ಕೆ 18-55 ಇದ್ದರೆ ನಡೆಯುತ್ತೆ. ಅದೇ ಕ್ರಾಪ್ ಲೆಕ್ಕದಲ್ಲಿ 18 ಅನ್ನೋದು 27 ಆಗುತ್ತೆ, ಅಗಲ ಸಾಲಲ್ಲ ಅನ್ನುವವರಿದ್ದಾರೆ. ನನಗೆ ಸಾಕು. ಈ ಆಯ್ಕೆ ಬಗ್ಗೆ ನನಗೆ ಈಗಲೂ ತಕರಾರಿಲ್ಲ. ನಿಕಾನ್‌ನವರ ಮೇಲೂ ತಕರಾರಿಲ್ಲ.

ಹಳೇ ಡಿಎಸ್ಎಲ್ಆರ್ ಅಂದಮೇಲೆ ಮೊದಲು ಕೇಳೋದು ಶಟರ್ ಕೌಂಟ್, ಅಂದರೆ ಇದುವರೆಗೆ ಎಷ್ಟು ಫೋಟೋ ಹೊಡೆದಿದೆ ಅನ್ನೋ ಲೆಕ್ಕ, ಅಲ್ವಾ? ಡಿ500 ಶಟರನ್ನು 2 ಲಕ್ಷ ಹೊಡೆತದವರೆಗೆ ಪರೀಕ್ಷೆ ಮಾಡಿದ್ದೇವೆ ಅಂತ ಕಂಪನಿಯೇ ಹೇಳಿದೆ. ನಾನೂ ಕೇಳಿದೆ. ಬಂದ ಉತ್ತರ ಇದು: "ಬರೀ 12 ಸಾವಿರ ಸರ್. ಡಾಕ್ಟರ್ ಒಬ್ರು ಇಟ್ಕೊಂಡಿದ್ದು. ಸಿಂಗಲ್ ಹ್ಯಾಂಡ್." (ಮಾರಾಟಕ್ಕೆ ಬರುವ ಹಳೇ ಕಾರು, ಹಳೇ ಬುಲೆಟ್, ಹಳೇ ಕ್ಯಾಮೆರಾ ಎಲ್ಲವೂ ಡಾಕ್ಟರದ್ದೇ. ಈ ಡಾಕ್ಟರುಗಳು ಆಸ್ಪತ್ರೆಗೆ ಯಾವಾಗ ಹೋಗ್ತಾರೋ.)

ವಾಟ್ಸಾಪ್‌ನಲ್ಲಿ ಸ್ಯಾಂಪಲ್ ಫೋಟೋ ಕಳಿಸಿದರು. ವಾಟ್ಸಾಪ್‌ನಲ್ಲಿ ಫೋಟೋ ಬಂದರೆ ಫೈಲಿನೊಳಗೆ ಕ್ಯಾಮೆರಾ ಬರೆದಿಡುವ ಮಾಹಿತಿ (ಮಾಡೆಲ್, ಕೌಂಟ್ ಇತ್ಯಾದಿ) ಎಲ್ಲ ಅಳಿಸಿಹೋಗುತ್ತೆ, ಅದು ನನಗೆ ಗೊತ್ತು. ಒರಿಜಿನಲ್ ಫೈಲ್ ಇಮೇಲ್ ಮಾಡಿ ಅಂದೆ. ಮಾಡಿದರು. ತೆಗೆದು ನೋಡಿದೆ. ಡಿ500 ಅಂತಲೇ ಇದೆ, ಕೌಂಟ್ 12 ಸಾವಿರ ಚಿಲ್ಲರೆ. ಸರಿ ಇದೆ. ಎಲ್ಲ ಸರಿ ಇದೆ. ಕಾಫಿ ಮಾರಿದ ದುಡ್ಡು ಆಗ ತಾನೇ ಕೈಗೆ ಬಂದಿತ್ತು. ಹೊರಟೆ.

ಅಂಗಡಿ ಒಳಗೆ ನಡೆದದ್ದನ್ನು ಗಮನ ಕೊಟ್ಟು ಓದಿ, ಆಟ ಇರೋದೇ ಇಲ್ಲಿ.

ನಾನು ಹೋಗುವಷ್ಟರಲ್ಲಿ ಕ್ಯಾಮೆರಾ ಟ್ರೈಪಾಡ್ ಮೇಲೆ ತಯಾರಾಗಿ ನಿಂತಿತ್ತು. ದೊಡ್ಡ ಲೆನ್ಸ್ ಹಾಕಿಯೇ ಇಟ್ಟಿದ್ದರು. ಮುಂದುಗಡೆ ಹೊಸ ಯುವಿ ಫಿಲ್ಟರ್ ಅನ್ನೋ ಗಾಜು ಬೇರೆ, "ಇದು ನಮ್ ಕಡೆಯಿಂದ ಫ್ರೀ ಸರ್." ಅಂಗಡಿ ಉದ್ದಕ್ಕೆ, ಕತ್ತಲೆ, ಟ್ಯೂಬ್‌ಲೈಟ್. ಎದುರಿನ ಗೋಡೆ ಮೇಲಿದ್ದ ಕ್ಯಾಲೆಂಡರ್‌ಗೆ ಫೋಕಸ್ ಮಾಡಿಸಿ, "ನೋಡಿ ಸರ್, ಅಕ್ಷರ ಓದಬಹುದು" ಅಂದರು. ಓದಬಹುದಿತ್ತು. ನನ್ನ ಕಾರ್ಡ್ ಹಾಕಿ ತೆಗೆಯುತ್ತೇನೆ ಅಂದೆ. "ಕಾರ್ಡ್ ಫಾರ್ಮ್ಯಾಟ್ ಆಗ್ಬಿಡುತ್ತೆ ಸರ್, ನಿಮ್ ಹಳೇ ಫೋಟೋ ಎಲ್ಲಾ ಹೋಗ್ಬಿಡುತ್ತೆ, ನಮ್ದೇ ಇದೆಯಲ್ಲ" ಅಂದ ಹುಡುಗ. ಹೊರಗೆ ಬಿಸಿಲಿಗೆ ತಗೊಂಡು ಹೋಗಿ ನೋಡ್ತೀನಿ ಅಂದೆ. ಅಷ್ಟರಲ್ಲಿ ಬ್ಯಾಟರಿ ಖಾಲಿ! "ಮನೇಲಿ ಚಾರ್ಜ್ ಹಾಕ್ಕೊಳ್ಳಿ ಸರ್. ಏನಾದ್ರೂ ಇದ್ರೆ ತನ್ನಿ, ನಾವೆಲ್ಲಿ ಓಡಿಹೋಗ್ತೀವಿ? ತಿಂಗಳೊಳಗೆ ಏನೇ ಆದ್ರೂ ನಮ್ ಜವಾಬ್ದಾರಿ." ಮಾತಾಡಿದ್ದು ಮಾಲೀಕ. ಅಣ್ಣ ಅಣ್ಣ ಅಂತ ಹುಡುಗರೆಲ್ಲ ಕರೆಯುತ್ತಿದ್ದರು. ಆ ಅಣ್ಣ ಈಗ ನನ್ನ ಫೋನ್ ಎತ್ತಲ್ಲ.

ಬಾಡಿ, ದೊಡ್ಡ ಲೆನ್ಸ್, 18-55, ಎಲ್ಲ ಸೇರಿ 1,18,000 ರೂಪಾಯಿ. ಬಿಲ್ ಕೊಟ್ಟರು. ಬಿಲ್ ಅಂದರೆ "ಯೂಸ್ಡ್ ಕ್ಯಾಮೆರಾ 1, ಲೆನ್ಸ್ 2" ಅಂತ ಒಂದು ಸಾಲು, ಮೇಲೊಂದು ಸೀಲ್. ಸೀರಿಯಲ್ ನಂಬರ್ ಬರೆಯುವ ಜಾಗ ಖಾಲಿ. ಬರೀರಿ ಅಂದಿದ್ದಕ್ಕೆ, "ಯೂಸ್ಡ್ ಐಟಂಗೆ ಹಾಕಲ್ಲ ಸರ್."

ಮನೆಗೆ ಬಂದು ಚಾರ್ಜ್ ಹಾಕಿ ಮೆನುವಿನಲ್ಲಿ ಬ್ಯಾಟರಿ ಮಾಹಿತಿ ನೋಡಿದೆ. ನಿಕಾನ್‌ನಲ್ಲಿ ಬ್ಯಾಟರಿ ವಯಸ್ಸು 0 ಇಂದ 4ರವರೆಗೆ ತೋರಿಸುತ್ತೆ. 0 ಅಂದರೆ ಹೊಸದು, 4 ಅಂದರೆ ಬದಲಾಯಿಸಿ ಅಂತ. ನನ್ನದರಲ್ಲಿ 4. 12 ಸಾವಿರ ಫೋಟೋ ತೆಗೆದ ಡಾಕ್ಟರ ಬ್ಯಾಟರಿ ಇಷ್ಟು ಮುದಿಯಾಗಿದ್ದು ಹೇಗೆ ಅಂತ ಆಗಲೇ ಅನುಮಾನ ಶುರುವಾಯಿತು. ವಾರ ಕಳೆಯುವ ಮೊದಲೇ ಮಾಂದಲ್‌ಪಟ್ಟಿಗೆ ಹೋದೆ. ಮಾರ್ಚ್ ತಿಂಗಳ ಖಾಲಿ ಆಕಾಶ. ಬೆಟ್ಟದ ಸಾಲು ಹತ್ತಿರದಿಂದ ದೂರದವರೆಗೆ ಚೂಪಾಗಿ ಬರಲಿ ಅಂತ ಎಫ್/16 ಇಟ್ಟು, ಅಂದರೆ ಲೆನ್ಸಿನ ಬೆಳಕಿನ ಕಿಂಡಿ (ಅಪರ್ಚರ್) ಚಿಕ್ಕದು ಮಾಡಿ, ತೆಗೆದೆ. ಫೋಟೋದಲ್ಲಿ ಆಕಾಶದ ತುಂಬಾ ಕಪ್ಪು ಚುಕ್ಕಿ. ಲೆನ್ಸ್ ಬದಲಾಯಿಸಿದರೂ ಅದೇ ಚುಕ್ಕಿ, ಅದೇ ಜಾಗದಲ್ಲಿ. ಅಂದರೆ ಕೊಳೆ ಇರೋದು ಸೆನ್ಸರ್ ಮೇಲೆ. ಅಪರ್ಚರ್ ಪೂರ್ತಿ ತೆರೆದಿದ್ದರೆ ಇದು ಹೆಚ್ಚುಕಮ್ಮಿ ಕಾಣೋದೇ ಇಲ್ಲ. ಅಂಗಡಿಯಲ್ಲಿ ಕ್ಯಾಲೆಂಡರ್ ತೋರಿಸಿದ್ದು ಕಿಂಡಿ ಪೂರ್ತಿ ತೆರೆದ ಎಫ್/5.6ರಲ್ಲಿ! ದೊಡ್ಡ ಲೆನ್ಸನ್ನು ಸೂರ್ಯನಿರುವ ದಿಕ್ಕಿಗೆ ತಿರುಗಿಸಿದರೆ ಚಿತ್ರವೆಲ್ಲ ಬಿಳಚಿಕೊಂಡಿತು.

ಗೋಣಿಕೊಪ್ಪದಲ್ಲಿ ಸ್ಟುಡಿಯೋ ಇಟ್ಟಿರುವ ಗೆಳೆಯನ ಹತ್ತಿರ ತಗೊಂಡು ಹೋದೆ. ಅವನು ಜಾಸ್ತಿ ಏನೂ ಮಾತಾಡಲಿಲ್ಲ. ಬಾಗಿಲು ಹಾಕಿದ. ಲೆನ್ಸ್ ಬಿಚ್ಚಿ, ಫಿಲ್ಟರ್ ತೆಗೆದು, ಹಿಂದಿನಿಂದ ಮೊಬೈಲ್ ಟಾರ್ಚ್ ಹಿಡಿದು ಸ್ವಲ್ಪ ಓರೆ ಮಾಡಿದ. "ನೀನೇ ನೋಡು" ಅಂದ. ಒಳಗಿನ ಗಾಜಿನ ಅಂಚಿನಿಂದ ನಡುವಿನ ಕಡೆಗೆ ಸಣ್ಣ ಸಣ್ಣ ಬಿಳಿ ಎಳೆಗಳು, ಜೇಡರ ಬಲೆ ಥರ, ಕವಲೊಡೆದು ಕವಲೊಡೆದು ಹರಡಿದ್ದವು. ಫಂಗಸ್. ಬೂಷ್ಟು. ಒಂದು ಕಡೆ ಮಾತ್ರ ಎಳೆ ಇಲ್ಲದೆ ಒರೆಸಿದ ಗುರುತು ಇತ್ತು. ಯಾರೋ ಮೊದಲೇ ಬಿಚ್ಚಿ ಒರೆಸಿದ್ದಾರೆ, ಪೂರ್ತಿ ಹೋಗಿಲ್ಲ, ಗಾಜಿನ ಕೋಟಿಂಗನ್ನೇ ತಿಂದಿದೆ ಅಂದ. ಆಮೇಲೆ ನನ್ನ ಕಾರ್ಡಿನಲ್ಲಿದ್ದ ಒಂದು ಫೈಲ್ ಕಂಪ್ಯೂಟರಿಗೆ ಹಾಕಿದ. ಶಟರ್ ಕೌಂಟ್ 1,83,000 ದಾಟಿತ್ತು.

12 ಸಾವಿರ ಎಲ್ಲಿ, 1,83,000 ಎಲ್ಲಿ? ಅವರು ಇಮೇಲ್ ಮಾಡಿದ ಫೈಲನ್ನೂ ತೆಗೆಸಿದೆ. ಅದರೊಳಗೆ ಸೀರಿಯಲ್ ನಂಬರ್ ಇತ್ತು. ನನ್ನ ಕ್ಯಾಮೆರಾ ತಳದಲ್ಲಿದ್ದ ನಂಬರೇ ಬೇರೆ. ಅಂದರೆ ಫೋಟೋ ತೆಗೆದ ಕ್ಯಾಮೆರಾ ಒಂದು, ನನಗೆ ಕೊಟ್ಟದ್ದು ಇನ್ನೊಂದು. ಬಿಲ್‌ನಲ್ಲಿ ಆ ಜಾಗ ಖಾಲಿ ಬಿಟ್ಟದ್ದು ಯಾಕೆ ಅಂತ ಆಗ ಗೊತ್ತಾಯಿತು. ಗೆಳೆಯನ ಮುಖ ನೋಡೋಕೂ ಆಗಲಿಲ್ಲ. ಎರಡು ವರ್ಷದಿಂದ ಇವನಿಗೆ ಕ್ಯಾಮೆರಾ ಬಗ್ಗೆ ಪಾಠ ಹೇಳುತ್ತಿದ್ದವನು ನಾನು.

ಈಗ ಅವರ ಉತ್ತರಗಳು. ಒಂದೊಂದನ್ನೂ ಇಟ್ಟುಕೊಂಡಿದ್ದೇನೆ.

ಆಕಾಶದ ಚುಕ್ಕಿಗೆ: "ಧೂಳು ಸರ್. ಕಾಮನ್. ಬನ್ನಿ ಕ್ಲೀನ್ ಮಾಡಿ ಕೊಡ್ತೀವಿ, 1,500 ಆಗುತ್ತೆ." ತಿಂಗಳೊಳಗೆ ಏನೇ ಆದರೂ ಅವರ ಜವಾಬ್ದಾರಿ ಅಂದಿದ್ದರಲ್ಲ, ಆ ಜವಾಬ್ದಾರಿಗೆ 1,500.

ಶಟರ್ ಕೌಂಟ್‌ಗೆ: "ಆ ಸಾಫ್ಟ್‌ವೇರ್ ಎಲ್ಲಾ ನಂಬಬೇಡಿ ಸರ್." ಅವರು ಕಳಿಸಿದ ಫೋಟೋದ ಕೌಂಟನ್ನೂ ಅದೇ ಸಾಫ್ಟ್‌ವೇರ್‌ನಲ್ಲಿ ನೋಡಿದ್ದು ಅಂದೆ. "ಹುಡುಗ ಬೇರೆ ಫೋಟೋ ಕಳಿಸಿರಬೇಕು ಸರ್, ಹೊಸಬ."

ಫಂಗಸ್‌ಗೆ ಬಂದ ಉತ್ತರ ಓದಿದಾಗ ಕೈ ನಡುಗಿತು. "ನೀವು ಕೊಡಗಿನವರಲ್ವಾ ಸರ್. ನಿಮ್ ಕಡೆ ಮಳೆ ಜಾಸ್ತಿ, ತೇವ ಜಾಸ್ತಿ. ನಮ್ಮಲ್ಲಿ ಇರುವಾಗ ಕ್ಲೀನ್ ಇತ್ತು. ನಿಮ್ಮನೇಲೇ ಬಂದಿರೋದು."

ಮಾರ್ಚ್ ತಿಂಗಳಲ್ಲಿ! ಹೂ ಮಳೆ ಬರಲಿಲ್ಲ ಅಂತ ಸ್ಪ್ರಿಂಕ್ಲರ್ ಹಾಕಿಕೊಂಡು ಒದ್ದಾಡುತ್ತಿರುವ ಕಾಲದಲ್ಲಿ, ವಾರದೊಳಗೆ, ನಮ್ಮ ಮನೆಯಲ್ಲಿ ಲೆನ್ಸಿಗೆ ಬೂಷ್ಟು ಬಂತಂತೆ. ಕೊಡಗಿನವರಿಗೆ ಬೂಷ್ಟು ಅಂದರೆ ಏನು ಅಂತ ಮೈಸೂರಿನವರು ಹೇಳಿಕೊಡಬೇಕಾ? ಜುಲೈನಲ್ಲಿ ಬೆಲ್ಟು, ಚಪ್ಪಲಿ, ಬೀರುವಿನೊಳಗಿನ ಸೀರೆ ಯಾವುದನ್ನೂ ಬಿಡಲ್ಲ ಅದು. ಅದಕ್ಕೇ ಕ್ಯಾಮೆರಾ ಇಡೋಕೆ ಅಂತಲೇ ನಾನು ಡ್ರೈ ಕ್ಯಾಬಿನೆಟ್ (ಒಳಗಿನ ತೇವ ಕಮ್ಮಿ ಮಾಡುವ ಪೆಟ್ಟಿಗೆ) ಇಟ್ಟುಕೊಂಡಿದ್ದೇನೆ, ತೇವ ಶೇಕಡಾ 45ರ ಸುತ್ತಮುತ್ತ ನಿಲ್ಲಿಸಿರುತ್ತೇನೆ. ಅದರ ಫೋಟೋ ತೆಗೆದು ಕಳಿಸಿದೆ, ಮುಳ್ಳು ಕಾಣುವ ಹಾಗೆ. ಉತ್ತರವಾಗಿ ಒಂದು ಹೆಬ್ಬೆರಳಿನ ಚಿತ್ರ ಬಂತು. ಬರೀ ಹೆಬ್ಬೆರಳು.

ಮತ್ತೆ ಮತ್ತೆ ಕೇಳಿದ ಮೇಲೆ: "ಬಿಲ್ ಓದಿ ಸರ್, ಮಾರಿದ ಮಾಲು ವಾಪಸ್ ಇಲ್ಲ." ಕೊನೆಗೊಂದು ದಿನ ತಾವಾಗಿಯೇ: "ಇನ್ನೊಂದು 40 ಹಾಕಿ ಸರ್, ಮಿರರ್‌ಲೆಸ್ ಕೊಡ್ತೀವಿ. ನಿಮಗೇನು, ತೋಟ ಇದೆ." ತೋಟ ಇದ್ದವರ ಮನೆಯಲ್ಲಿ ದುಡ್ಡು ಮರದಲ್ಲಿ ಬಿಡುತ್ತೆ ಅಂತ ಇವರ ಲೆಕ್ಕ. ಕರೆಂಟ್ ಬಿಲ್ಲು, ಕೂಲಿ, ಗೊಬ್ಬರ ಯಾರು ಕೊಡ್ತಾರೋ. ನಮ್ಮ ಭಾವನಂತೂ ಮನೆಗೆ ಬಂದಾಗಲೆಲ್ಲ "ಡಾಕ್ಟರು ಹೇಗಿದ್ದಾರೆ?" ಅಂತಲೇ ಕೇಳೋದು.

ಹಳೇದು ತಗೊಳ್ಳಲೇಬೇಕು ಅನ್ನುವವರು ಇಷ್ಟು ಮಾಡಿ. ನಿಮ್ಮದೇ ಖಾಲಿ ಕಾರ್ಡ್, ಆಗುವುದಾದರೆ ನಿಮ್ಮದೇ ಚಾರ್ಜ್ ಆದ ಬ್ಯಾಟರಿ ತಗೊಂಡು ಹೋಗಿ. ಕಾರ್ಡ್ ಹಾಕಲು ಬಿಡಲಿಲ್ಲ ಅಂದರೆ ಅಲ್ಲೇ ಎದ್ದು ಬನ್ನಿ, ಕಾಫಿ ಕೊಟ್ಟರೂ ಕುಡಿಯಬೇಡಿ. ರಸ್ತೆಗೆ ತಂದು ಎಫ್/16ರಲ್ಲಿ ಬರೀ ಆಕಾಶ ತೆಗೆಯಿರಿ. ಫಿಲ್ಟರ್ ಬಿಚ್ಚಿಸಿ ಲೆನ್ಸಿಗೆ ಹಿಂದಿನಿಂದ ಟಾರ್ಚ್ ಬಿಡಿ, ಫ್ರೀ ಫಿಲ್ಟರ್ ಇದ್ದರಂತೂ ಖಂಡಿತ ಬಿಚ್ಚಿಸಿ. ನೀವೇ ತೆಗೆದ ಫೈಲಿನ ಸೀರಿಯಲ್ ನಂಬರು, ಬಾಡಿ ತಳದ ನಂಬರು, ಬಿಲ್‌ನಲ್ಲಿರುವ ನಂಬರು ಮೂರೂ ಒಂದೇ ಆಗಿರಬೇಕು. ಬಿಲ್‌ನಲ್ಲಿ ನಂಬರ್ ಬರೆಯಲ್ಲ ಅಂದರೆ ದುಡ್ಡು ಎಣಿಸಬೇಡಿ. ಡಾಕ್ಟರದ್ದು ಅಂದರೆ ಮೊದಲೇ ಎಣಿಸಬೇಡಿ.

ದೂರಿನ ವಿಷಯ. ಗ್ರಾಹಕ ಸಹಾಯವಾಣಿ 1915ಕ್ಕೆ ಮೊದಲು ಫೋನ್ ಮಾಡಿದೆ. ಆಮೇಲೆ ಮಡಿಕೇರಿಯ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಟ್ಟೆ. ಅಂಗಡಿ ಮೈಸೂರಿನಲ್ಲಿದ್ದರೆ ಅಲ್ಲಿಗೇ ಅಲೆಯಬೇಕು ಅಂದುಕೊಂಡು ಎಷ್ಟೋ ಜನ ಸುಮ್ನಾಗಿಬಿಡ್ತಾರೆ. ಹಾಗೇನಿಲ್ಲ. 2019ರ ಕಾಯ್ದೆ ಪ್ರಕಾರ ನಾವಿರುವ ಜಿಲ್ಲೆಯಲ್ಲೇ ಕೊಡಬಹುದು, ಕೊಟ್ಟ ಬೆಲೆ 5 ಲಕ್ಷದೊಳಗಿದ್ದರೆ ಶುಲ್ಕವೂ ಇಲ್ಲ. ದೋಷ ಇರುವ ಮಾಲನ್ನು ಬಿಲ್‌ನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಬರೆದಿರದಿದ್ದರೆ 30 ದಿನದೊಳಗೆ, ವಾಪಸ್ ತಗೊಳ್ಳಲ್ಲ ಅನ್ನೋದನ್ನು ಅದೇ ಕಾಯ್ದೆ ಅನುಚಿತ ವ್ಯಾಪಾರ ಅನ್ನುತ್ತೆ. ಇದನ್ನೂ ಅಣ್ಣನಿಗೆ ಕಳಿಸಿದ್ದೇನೆ. ನೋಡಿದ ನೀಲಿ ಗುರುತು ಬಂದಿದೆ, ಈ ಸಲ ಹೆಬ್ಬೆರಳು ಬಂದಿಲ್ಲ.

ಇನ್ನೊಂದು ವಿಷಯಕ್ಕೆ ನಿಮ್ಮ ಸಹಾಯ ಬೇಕು. ಆ 12 ಸಾವಿರ ಕೌಂಟ್‌ನ ಡಿ500 ಎಲ್ಲೋ ಇದೆ, ಅಥವಾ ಅದರ ಫೋಟೋ ತೋರಿಸಿ ಇನ್ನೂ ಯಾರಿಗೋ ಮಾರುತ್ತಿದ್ದಾರೆ. ಮರದ ಕೊಂಬೆ ಮೇಲೆ ಬಲಕ್ಕೆ ಮುಖ ಮಾಡಿ ಕುಳಿತ ಮಿಂಚುಳ್ಳಿ, ಹಿಂದೆ ಹಸಿರು, ಇದೇ ಅವರು ನನಗೆ ಕಳಿಸಿದ ಫೋಟೋ. ನಿಮಗೂ ಇದೇ ಮಿಂಚುಳ್ಳಿ ಬಂದಿದ್ದರೆ ಆ ಫೈಲ್ ಅಳಿಸಬೇಡಿ, ನಿಮ್ಮ ಕ್ಯಾಮೆರಾ ತಳದ ನಂಬರ್ ನೋಡಿ ನನಗೆ ತಿಳಿಸಿ. ಇಬ್ಬರು ಮೂವರು ಸಿಕ್ಕಿದರೆ ಮುಂದಿನ ತಾರೀಖಿಗೆ ಒಟ್ಟಿಗೇ ಮಡಿಕೇರಿಗೆ ಹೋಗೋಣ.