ಹಾಸನದ ಸಗಟು ದರದ ಮಳಿಗೆ: ಬೆಲೆ ಇಳಿದದ್ದು ಎಲ್ಲಿಂದ?

ಹಾಸನದ ಹೊರವಲಯದಲ್ಲಿರುವ ಸಗಟು ದರದ ಮಳಿಗೆಯೊಂದರಿಂದ ನಮ್ಮ ಮನೆಗೆ ತಿಂಗಳ ದಿನಸಿ ಬರುತ್ತದೆ. ಅಲ್ಲಿ ಬೆಲೆ ಕಡಿಮೆ ಎಂಬುದರಲ್ಲಿ ಅನುಮಾನವಿಲ್ಲ. ಆದರೆ ಆ ಕಡಿತವು ಅಂಗಡಿಯ ಖರ್ಚಿನಲ್ಲಿ ಆಗಿದೆಯೋ, ಸರಕಿನ ಗುಣಮಟ್ಟದಲ್ಲಿ ಆಗಿದೆಯೋ ಎಂಬುದನ್ನು ಒಂದೊಂದು ಪದಾರ್ಥಕ್ಕೂ ಬೇರೆಬೇರೆಯಾಗಿಯೇ ನೋಡಬೇಕಾಗುತ್ತದೆ.

ಈ ಬಗೆಯ ವ್ಯಾಪಾರದಲ್ಲಿ ಹೆಸರಾದ ಅಮೆರಿಕದ ಕಾಸ್ಟ್‌ಕೊ ಸಂಸ್ಥೆಯು ಒಂದು ಮಳಿಗೆಯಲ್ಲಿ ಸುಮಾರು 4,000 ಬಗೆಯ ಸರಕನ್ನಷ್ಟೇ ಇಡುತ್ತದೆ. ಕೊಂಡ ಬೆಲೆಯ ಮೇಲೆ ಶೇ 14ರಷ್ಟು, ತನ್ನದೇ ಬ್ರ್ಯಾಂಡ್ ಆದ ಕಿರ್ಕ್‌ಲ್ಯಾಂಡ್ ಸರಕಿನ ಮೇಲೆ ಶೇ 15ರಷ್ಟು ಸೇರಿಸುವುದೇ ಅದಕ್ಕೆ ಸಾಮಾನ್ಯ ಮಿತಿ. ಅದರ ಲಾಭದ ದೊಡ್ಡ ಪಾಲು ಸದಸ್ಯರು ವರ್ಷವರ್ಷ ಕಟ್ಟುವ ಶುಲ್ಕದಿಂದ ಬರುವುದರಿಂದ, ಸರಕು ಕಳಪೆಯಾಗಿ ಸದಸ್ಯರು ಮರುವರ್ಷ ಶುಲ್ಕ ಕಟ್ಟದೆ ಹೋದರೆ ನಷ್ಟ ಸಂಸ್ಥೆಗೇ. ನಮ್ಮ ಮಳಿಗೆಯಲ್ಲಿ ಅಂಥ ಶುಲ್ಕವಿಲ್ಲ, ಲಾಭವೆಲ್ಲ ಸರಕಿನಿಂದಲೇ ಹುಟ್ಟಬೇಕು. ಆದ್ದರಿಂದಲೇ ಮಳಿಗೆಯ ಸ್ವಂತ ಹೆಸರಿನ ಪೊಟ್ಟಣಗಳನ್ನು ಹೆಚ್ಚು ಎಚ್ಚರದಿಂದ ನೋಡಬೇಕೆಂದು ನನ್ನ ಅಭಿಪ್ರಾಯ.

ಅವರ ತೊಗರಿಬೇಳೆ ನಿಜಕ್ಕೂ ಚೆನ್ನಾಗಿದೆ. ಕಾಳು ಒಂದೇ ಗಾತ್ರದ್ದು, ಕಲ್ಲು ಹೊಟ್ಟು ಇಲ್ಲ, ಕುಕ್ಕರಿನಲ್ಲಿ ಒಂದೇ ಹದಕ್ಕೆ ಬೇಯುತ್ತದೆ. ಪೊಟ್ಟಣ ಮಾತ್ರ ತೀರ ಸಾದಾ. ಇಲ್ಲಿ ಉಳಿತಾಯ ಆಗಿರುವುದು ಹೊದಿಕೆಯಲ್ಲಿ, ಬೇಳೆಯಲ್ಲಲ್ಲ. ಸೋನಾ ಮಸೂರಿ ಅಕ್ಕಿಯೂ ಒಳ್ಳೆಯದೇ. ಅದು 26 ಕೆ.ಜಿ. ಚೀಲದಲ್ಲಿ ಸಿಗುತ್ತದೆ. 2022ರ ಜುಲೈನಲ್ಲಿ 25 ಕೆ.ಜಿ.ವರೆಗಿನ ಪ್ಯಾಕ್ ಮಾಡಿದ ಅಕ್ಕಿಗೆ ಶೇ 5ರಷ್ಟು ಜಿಎಸ್‌ಟಿ ಬಂದ ಮೇಲೆ ಈ ತೂಕದ ಚೀಲಗಳು ಎಲ್ಲೆಡೆ ಕಾಣಿಸಿಕೊಂಡವು. ಇಲ್ಲಿ ಬೆಲೆ ಇಳಿದಿರುವುದು ತೆರಿಗೆಯ ಲೆಕ್ಕದಿಂದ.

ಕಾಫಿಪುಡಿಯ ವಿಷಯದಲ್ಲಿ ಹೀಗೆ ಹೇಳಲಾರೆ. ಮಳಿಗೆಯ ಹೆಸರಿನ ಅರ್ಧ ಕಿಲೋ ಪೊಟ್ಟಣದ ಹಿಂಬದಿಯಲ್ಲಿ, ಬಾರ್‌ಕೋಡಿನ ಕೆಳಗೆ ಸಣ್ಣ ಅಕ್ಷರಗಳಲ್ಲಿ, ಕಾಫಿ ಶೇ 51, ಚಿಕೋರಿ ಶೇ 49 ಎಂದು ಅಚ್ಚಾಗಿದೆ. ಮಿಶ್ರಣದಲ್ಲಿ ಕಾಫಿ ಶೇ 51ಕ್ಕಿಂತ ಕಡಿಮೆ ಇರಕೂಡದೆಂಬುದು ನಿಯಮ. ಅಂದರೆ ಕಾನೂನು ಬಿಟ್ಟುಕೊಡುವ ಕಟ್ಟಕಡೆಯ ಅಂಚಿನಲ್ಲಿ ಈ ಪುಡಿ ನಿಂತಿದೆ. ಡಿಕಾಕ್ಷನ್ ಕಡುಗಪ್ಪಾಗಿ ಇಳಿಯುತ್ತದೆ, ಹಾಲು ಬೆರೆಸಿದರೆ ಬಣ್ಣವೂ ಚೆಂದ, ಆದರೆ ಪರಿಮಳವೇ ಇಲ್ಲ. ಸಕಲೇಶಪುರ, ಬೇಲೂರಿನ ತೋಟಗಳಿಂದ ಕಾಫಿ ಬರುವ ಜಿಲ್ಲೆಯಲ್ಲೇ ಇಂಥ ಪುಡಿಯನ್ನು ಮಾರುವುದು ನನಗೆ ಬೇಸರ ತಂದಿದೆ. ಪೇಟೆಯಲ್ಲಿ ಬೀಜ ಹುರಿದು, ಕೇಳಿದ ಪ್ರಮಾಣದಲ್ಲಿ ಚಿಕೋರಿ ಬೆರೆಸಿ ಕಣ್ಣೆದುರೇ ಪುಡಿ ಮಾಡಿಕೊಡುವ ಅಂಗಡಿಗಳಿವೆ. ಅಲ್ಲಿ ದರ ಹೆಚ್ಚು, ನಿಜ. ಆದರೆ ಕೊಟ್ಟ ದುಡ್ಡಿನಲ್ಲಿ ಕಾಫಿಗೆಷ್ಟು, ಚಿಕೋರಿಗೆಷ್ಟು ಎಂದು ಲೆಕ್ಕ ಹಾಕಿದರೆ ಮಳಿಗೆಯ ಪುಡಿ ಅಷ್ಟೇನೂ ಅಗ್ಗವಲ್ಲ.

ಎಣ್ಣೆ ಕೊಳ್ಳುವಾಗಲೂ ಪ್ರಮಾಣ ನೋಡಿಕೊಳ್ಳಿ. ಲೀಟರಿನ ಪ್ಯಾಕೆಟ್ಟಿನಂತೆಯೇ ಕಾಣುವ 850 ಮಿ.ಲೀ. ಪ್ಯಾಕೆಟ್ಟುಗಳು ಅದೇ ಸಾಲಿನಲ್ಲಿರುತ್ತವೆ. ಹಣ್ಣು ತರಕಾರಿ ಸಾಧಾರಣ, ಸಂತೆಯಲ್ಲಿ ಇದಕ್ಕಿಂತ ತಾಜಾ ಸಿಗುತ್ತದೆ.

ಬೇಳೆ, ಅಕ್ಕಿ, ಸಕ್ಕರೆ, ಸೋಪಿನ ಪುಡಿಗಾಗಿ ನಾವು ಅಲ್ಲಿಗೆ ಹೋಗುವುದನ್ನು ಮುಂದುವರಿಸುತ್ತೇವೆ. ಕಾಫಿಪುಡಿಯ ಪ್ರಮಾಣವನ್ನು ಪೊಟ್ಟಣದ ಮುಂಬದಿಯಲ್ಲೇ ದೊಡ್ಡದಾಗಿ ಅಚ್ಚು ಹಾಕಿಸಿ ಎಂದು ವ್ಯವಸ್ಥಾಪಕರಿಗೆ ಬರೆದುಕೊಟ್ಟಿದ್ದೇನೆ, ಉತ್ತರ ಇನ್ನೂ ಬಂದಿಲ್ಲ.