ಹಾರ್ಲೆಮ್‌ನ ಟೆನ್ ಬೂಮ್ ಮನೆ: ಪ್ರಾರ್ಥನೆ ಮಾಡುವವರು ಮೊದಲು ನೋಡಬೇಕಾದ ಮ್ಯೂಸಿಯಂ

ನೆದರ್‌ಲ್ಯಾಂಡ್ಸ್‌ನ ಆಮ್‌ಸ್ಟೆಲ್‌ವೇನ್‌ನಲ್ಲಿ ಈಗ ನಮ್ಮ ಕನ್ನಡದವರು ಸಾಕಷ್ಟಿದ್ದಾರೆ. ಊರಿಂದ ಅಪ್ಪ ಅಮ್ಮ ಬಂದರೆ ಟ್ಯೂಲಿಪ್ ತೋಟ, ಗಾಳಿಗಿರಣಿ ತೋರಿಸುತ್ತಾರೆ. ನಾನು ಧಾರವಾಡದಿಂದ ಹೊರಡುವಾಗಲೇ ಮಗಳಿಗೆ ಹೇಳಿದ್ದೆ, ಹಾರ್ಲೆಮ್‌ನ ಟೆನ್ ಬೂಮ್ ಮನೆ ಮಾತ್ರ ತಪ್ಪಿಸಬೇಡ ಅಂತ. ನಿಮಗೂ ಅದನ್ನೇ ಹೇಳುತ್ತೇನೆ. ಅದರಲ್ಲೂ ವಾರವಾರ ಪ್ರಾರ್ಥನಾ ಕೂಟಕ್ಕೆ ಹೋಗುವವರಿಗೆ.

ಬಾರ್ಟೆಲ್‌ಯೋರಿಸ್‌ಸ್ಟ್ರಾಟ್ ಅನ್ನುವ ಪೇಟೆ ಬೀದಿಯಲ್ಲಿ 19ನೇ ನಂಬರಿನ ಮನೆ. ವಿಲ್ಲೆಮ್ ಟೆನ್ ಬೂಮ್ ಅವರು 1837ರಲ್ಲಿ ಗಡಿಯಾರದ ಅಂಗಡಿ ಶುರು ಮಾಡಿದರು. 1844ರಿಂದ ಯೆಹೂದ್ಯರಿಗಾಗಿ ಮನೆಯಲ್ಲಿ ಪ್ರಾರ್ಥನೆ ಆರಂಭಿಸಿದರು. ಮಗ ಕ್ಯಾಸ್ಪರ್, ಆಮೇಲೆ ಅವರ ಮಕ್ಕಳು (ಬೆಟ್ಸಿ, ಕೊರಿ ಎಂಬ ಹೆಣ್ಣುಮಕ್ಕಳೂ ಸೇರಿ) ಅದನ್ನು ಬಿಡಲಿಲ್ಲ. ಜರ್ಮನ್ನರು 1940ರಲ್ಲಿ ದೇಶ ಹಿಡಿದ ಮೇಲೆ, ಯಾರಿಗಾಗಿ ಪ್ರಾರ್ಥಿಸುತ್ತಿದ್ದರೋ ಅದೇ ಜನ ಅಡಗಲು ಜಾಗ ಕೇಳಿ ಬಂದು ಬಾಗಿಲು ತಟ್ಟಿದರು. ಇವರು ಬಾಗಿಲು ತೆರೆದರು.

ಒಳಗೆ ಸುಮ್ನೆ ಅಡ್ಡಾಡಲು ಬಿಡುವುದಿಲ್ಲ, ಗೈಡ್ ಜೊತೆಗೇ ಹೋಗಬೇಕು. ಮೊದಲು ಮನೆಯವರು ಕೂರುತ್ತಿದ್ದ ಕೋಣೆಯಲ್ಲಿ ಎಲ್ಲರನ್ನೂ ಕೂರಿಸಿ ಕಥೆ ಹೇಳುತ್ತಾರೆ. ನನಗೆ ಇಡೀ ಭೇಟಿಯಲ್ಲಿ ಇದೇ ಹೆಚ್ಚು ಹಿಡಿಸಿತು. ಗಾಜಿನ ಪೆಟ್ಟಿಗೆಯ ಸಾಮಾನು ನೋಡುತ್ತಾ ನಡೆಯುವುದಕ್ಕೂ, ಅದೇ ಕೋಣೆಯಲ್ಲಿ ಕೂತು ಕೇಳುವುದಕ್ಕೂ ಬಹಳ ವ್ಯತ್ಯಾಸ. ಊಟದ ಕೋಣೆಯ ಕಿಟಕಿಯಲ್ಲಿ ಅಲ್ಪೀನಾ ಗಡಿಯಾರ ಕಂಪನಿಯ ತ್ರಿಕೋನ ಬೋರ್ಡ್ ಇದೆ. ಅದು ಕಿಟಕಿಯಲ್ಲಿದ್ದರೆ ಒಳಗೆ ಬರಬಹುದು, ಇಲ್ಲದಿದ್ದರೆ ಅಪಾಯ ಅಂತ ಗುರುತು.

ಮೇಲಿನ ಮಹಡಿಯಲ್ಲಿ ಕೊರಿ ಅವರ ಮಲಗುವ ಕೋಣೆ. ಹಿಂದಿನ ಗೋಡೆಯ ಮುಂದೆ ಇನ್ನೊಂದು ಇಟ್ಟಿಗೆ ಗೋಡೆ ಕಟ್ಟಿ, ಆ ಸಂದಿಯಲ್ಲಿ ಜನರನ್ನು ಅಡಗಿಸುತ್ತಿದ್ದರು. ದಾರಿ ಬಟ್ಟೆ ಬೀರುವಿನ ಕೆಳಗಿನ ಅರೆಯಿಂದ. ಬಗ್ಗಿ, ತೆವಳಿಕೊಂಡೇ ಹೋಗಬೇಕು. ಈಗ ನೋಡುವವರಿಗಾಗಿ ಗೋಡೆಯನ್ನು ಒಂದು ಕಡೆ ಒಡೆದು ತೆರೆದಿಟ್ಟಿದ್ದಾರೆ. ಅಗಲ ಒಂದು ಮೀಟರ್ ಕೂಡ ಇಲ್ಲ. 1944ರ ಫೆಬ್ರವರಿ 28ರಂದು ಗೆಸ್ಟಾಪೊ, ಅಂದರೆ ನಾಜಿಗಳ ಗುಪ್ತ ಪೊಲೀಸರು, ದಾಳಿ ಮಾಡಿದಾಗ ಆರು ಜನ ಇದರೊಳಗಿದ್ದರು. ಎರಡು ದಿನ ಊಟವಿಲ್ಲ, ನೀರಿಲ್ಲ, ಕೆಮ್ಮುವ ಹಾಗೂ ಇಲ್ಲ. ಪೊಲೀಸರಿಗೆ ಅವರು ಸಿಗಲೇ ಇಲ್ಲ.

ಸಿಕ್ಕವರು ಮನೆಯವರು. 84 ವರ್ಷದ ಕ್ಯಾಸ್ಪರ್ ಹತ್ತೇ ದಿನಕ್ಕೆ ಸೆರೆಯಲ್ಲಿ ತೀರಿಕೊಂಡರು. ಇನ್ನು ತೊಂದರೆ ಕೊಡುವುದಿಲ್ಲ ಅಂತ ಮಾತು ಕೊಟ್ಟರೆ ಮನೆಗೆ ಹೋಗಬಹುದು ಅಂತ ಗೆಸ್ಟಾಪೊದವರು ಅವರಿಗೆ ಅಂದಿದ್ದರಂತೆ. ನಾಳೆ ಯಾರಾದರೂ ಬಂದು ತಟ್ಟಿದರೆ ಮತ್ತೆ ಬಾಗಿಲು ತೆರೆಯುತ್ತೇನೆ ಅಂದುಬಿಟ್ಟರು ಅವರು. ಬೆಟ್ಸಿ ಅದೇ ವರ್ಷ ಡಿಸೆಂಬರ್‌ನಲ್ಲಿ ನಾಜಿಗಳ ರಾವೆನ್ಸ್‌ಬ್ರುಕ್ ಸೆರೆ ಶಿಬಿರದಲ್ಲಿ ಸತ್ತರು. ಕೆಲವೇ ದಿನ ಕಳೆದು ಕೊರಿ ಬಿಡುಗಡೆಯಾದರು.

ಕೊರಿ ಹೇಳಿದ ಇನ್ನೊಂದು ಘಟನೆ ನನ್ನನ್ನು ಬಿಡುತ್ತಿಲ್ಲ. ಹಳ್ಳಿಯ ಸಭಾಪಾಲಕರೊಬ್ಬರು (ಪಾಸ್ಟರ್) ರಿಪೇರಿಗೆ ಕೊಟ್ಟ ಗಡಿಯಾರ ಒಯ್ಯಲು ಬಂದಿದ್ದರಂತೆ. ಒಬ್ಬ ಯೆಹೂದಿ ತಾಯಿಯನ್ನೂ ಹಸುಗೂಸನ್ನೂ ನಿಮ್ಮ ಮನೆಯಲ್ಲಿ ಇಟ್ಟುಕೊಳ್ಳಿ ಅಂತ ಕೊರಿ ಕೇಳಿದರೆ, ನಮ್ಮ ಜೀವಕ್ಕೇ ಕುತ್ತು ಅಂತ ಒಪ್ಪಲಿಲ್ಲ. ಆಗ ಕ್ಯಾಸ್ಪರ್ ಕೂಸನ್ನು ಎತ್ತಿಕೊಂಡರು. ಈ ಮಗುವಿಗಾಗಿ ಪ್ರಾಣ ಹೋದರೆ ನಮ್ಮ ಮನೆತನಕ್ಕೆ ಅದಕ್ಕಿಂತ ದೊಡ್ಡ ಗೌರವ ಬೇರೆ ಇಲ್ಲ ಅಂದರು.

ಇಬ್ಬರೂ ಒಂದೇ ಬೈಬಲ್ ಓದುತ್ತಿದ್ದವರು, ಅಲ್ವಾ? ಆ ದೇಶದಲ್ಲಿದ್ದ ಸುಮಾರು 1,40,000 ಯೆಹೂದ್ಯರಲ್ಲಿ 1,00,000ಕ್ಕೂ ಹೆಚ್ಚು ಜನರನ್ನು ಕೊಂದರು. ಬೀದಿಗೊಂದು ಚರ್ಚ್ ಇದ್ದ ದೇಶ ಅದು. ನಮ್ಮ ಕೂಟಗಳಲ್ಲೂ ಹಿಂಸೆಗೆ ಒಳಗಾದವರಿಗಾಗಿ ಪ್ರಾರ್ಥಿಸುತ್ತೇವೆ. ಜಾಸ್ತಿ ಮಾಡಿ ನಮ್ಮವರಿಗಾಗಿ ಮಾತ್ರ. ಟೆನ್ ಬೂಮ್ ಮನೆಯವರು ಕಾಪಾಡಿದ್ದು ಬೇರೆ ಧರ್ಮದವರನ್ನು. ಮನೆಯೊಳಗೆ ಅವರ ಸಬ್ಬತ್ತಿಗೂ, ಅಂದರೆ ವಾರದ ವಿಶ್ರಾಂತಿ ದಿನದ ಆಚರಣೆಗೂ, ಜಾಗ ಮಾಡಿಕೊಟ್ಟರು. ನೆರೆಯವನು ಯಾರು ಎಂದು ಯೇಸುವನ್ನು ಕೇಳಿದ ಶಾಸ್ತ್ರಿಗೆ ಸಿಕ್ಕ ಉತ್ತರವೂ (ದಾರಿಯಲ್ಲಿ ಬಿದ್ದಿದ್ದ ಬೇರೆ ಜನಾಂಗದವನಿಗೆ ನೆರವಾದ ಸಮಾರ್ಯದವನ ಕಥೆ) ಇದೇ ಎಂದು ನಾನು ನಂಬುತ್ತೇನೆ. ಸೆರೆಯಲ್ಲಿರುವವನನ್ನು ನೋಡಲು ಹೋಗುವುದು, ಊರು ಬಿಟ್ಟವರಿಗೆ ಬಾಡಿಗೆ ಮನೆ ಹುಡುಕಿಕೊಡುವುದು, ವಕೀಲರ ಖರ್ಚಿಗೆ ಕಾಣಿಕೆ ಎತ್ತುವುದು, ಇವೆಲ್ಲ ಪ್ರಾರ್ಥನೆಯ ಜೊತೆಗೇ ಬರಬೇಕಾದ ಕೆಲಸ.

ಹೋಗುವವರಿಗೆ ಒಂದೆರಡು ಮಾತು. ಆನ್‌ಲೈನ್‌ನಲ್ಲಿ ಮುಂಚೆಯೇ ಹೆಸರು ಬರೆಸಿ, ಇಂಗ್ಲಿಷ್ ಟೂರ್ ಆರಿಸಿಕೊಳ್ಳಿ. ಒಂದು ಗಂಟೆ ಹಿಡಿಯುತ್ತದೆ. ನಾವು ಹೋದಾಗ ಟಿಕೆಟ್ ಇರಲಿಲ್ಲ, ಕಾಣಿಕೆ ಪೆಟ್ಟಿಗೆ ಇತ್ತು. ಹಳೇ ಮನೆ, ಮೆಟ್ಟಿಲು ಬಹಳ ಕಡಿದು. ಮಂಡಿನೋವು ಇರುವವರು ಯೋಚಿಸಿ ಹೋಗಿ. ಆಮ್‌ಸ್ಟೆಲ್‌ವೇನ್ ಕಡೆಯಿಂದಾದರೆ 300ನೇ ನಂಬರ್ ಬಸ್ ಸಿಗುತ್ತದೆ. ಆಮ್‌ಸ್ಟರ್‌ಡ್ಯಾಮ್‌ನಿಂದ ರೈಲಿನಲ್ಲಿ ಇಪ್ಪತ್ತು ನಿಮಿಷದೊಳಗಿನ ದಾರಿ. ಕೇಳಿ ಅರ್ಥ ಮಾಡಿಕೊಳ್ಳುವ ವಯಸ್ಸಿನ ಮಕ್ಕಳಿದ್ದರೆ ಖಂಡಿತ ಕರೆದುಕೊಂಡು ಹೋಗಿ. ಕೊನೆಯಲ್ಲಿ ಪ್ರಶ್ನೆ ಕೇಳಲು ಅವರನ್ನು ಬಿಡಿ.